ಎಂಟನೆಯ ಪಾಳಿಯ ಗುಂಡಿ

ನಮ್ಮ ಎಂಟು ಹೊಲಗಳಿಗೆ ಸೇರಿ ಒಂದೇ ಮೋಟರು. ಚಿಕ್ಕಪಡಸಲಗಿ ಬ್ಯಾರೇಜಿನ ಮೇಲ್ಗಡೆ, ಹೊಳೆದಂಡೆಗೆ ಅದರ ಕೋಣೆ. ತ್ರೀ ಫೇಜ್ ಕರೆಂಟು ಬಂದ ಹೊತ್ತಿಗೆ ಇಳಿದು ಹೋಗಿ ಮೋಟರು ಹಚ್ಚುವುದು, ಹೊಲಕ್ಕೆ ಎರಡು ತಾಸಿನಂತೆ ನೀರಿನ ಪಾಳಿ ತಿರುಗಿಸುವುದು ನಮ್ಮ ಕಾಕಾನ ಕೆಲಸವಾಗಿತ್ತು. ಅವನ ಮೊಣಕಾಲು ಕೈಕೊಟ್ಟಿತು, ಕೆಲಸ ನನ್ನ ಕೊರಳಿಗೆ ಬಂತು. ಜಮಖಂಡಿಯಲ್ಲಿ ನನ್ನದು ಮೋಟರು ರಿಪೇರಿ ಅಂಗಡಿ.

"ನೀ ಕಲತಾಂವ ಅದಿ. ಪಾಳಿ ತಾನ ತಿರುಗಿಸೂವಂಥಾ ಒಂದ ಬೋರ್ಡ್ ಮಾಡಿಸಿ ಬಿಡಪಾ," ಅಂದರು ಎಲ್ಲರೂ. ಹೂಂ ಅಂದೆ. ಹೂಂ ಅನ್ನಲು ಎಷ್ಟು ಹೊತ್ತು ಬೇಕು?

ಬೋರ್ಡು ಮಾಡುವವನು ಹುಬ್ಬಳ್ಳಿಯಿಂದ ನಾಲ್ಕು ಹಾಳೆ ಪ್ರಶ್ನೆ ಕಳಿಸಿದ. ಅದು ಏನೇನು ಮಾಡಬೇಕೆಂದು ಮೊದಲೇ ಬರೆದುಕೊಡಬೇಕು, ಆಮೇಲೆ ಬದಲಿಸುವಂತಿಲ್ಲ. ಎಷ್ಟು ವಾಲ್ವು? ಎಂಟು. ಒಂದು ಫೇಜು ಹೋದರೆ? ಮೋಟರು ನಿಲ್ಲಬೇಕು. ಡಬ್ಬಿ ಎಂಥದ್ದು? ಇರುವೆ, ಹಲ್ಲಿ ಹೋಗದಂಥದ್ದು. ನನ್ನ ಅಂಗಡಿಗೆ ಬರುವ ಎಷ್ಟೋ ಸುಟ್ಟ ಸ್ಟಾರ್ಟರುಗಳಲ್ಲಿ ಹಲ್ಲಿ ಒಣಗಿ ಕೂತಿರುತ್ತದೆ. ಕಾವು? ಕೋಣೆಗೆ ತಗಡಿನ ಚಾವಣಿ, ಅದನ್ನೂ ಬರೆದೆ. ಮೂರು ಹಾಳೆ ಕೂತಲ್ಲೇ ಮುಗಿದವು. ನಾಲ್ಕನೆಯದರಲ್ಲಿ ಸಿಕ್ಕಿಬಿದ್ದೆ. ಎರಡು ತಾಸನ್ನು ಎಣಿಸುವುದು ಪಾಳಿಯ ವಾಲ್ವು ತೆರೆದಾಗಿನಿಂದಲೋ, ಹೊಲಕ್ಕೆ ನೀರು ಮುಟ್ಟಿದಾಗಿನಿಂದಲೋ?

ಎಂಟನೆಯ ಹೊಲ ದೊಡ್ಡವ್ವನದು, ಉಳಿದ ಏಳರಿಂದ ಬಹಳ ದೂರ. ಖಾಲಿ ಪೈಪು ತುಂಬಿ ಅಲ್ಲಿಗೆ ನೀರು ಮುಟ್ಟುವಷ್ಟರಲ್ಲಿ ಅರ್ಧ ತಾಸು ಹೋಗಿರುತ್ತದೆ. ಆ ಅರ್ಧ ತಾಸು ಕಾಕಾ ಗಡಿಯಾರವನ್ನೇ ನೋಡುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಅವಳ ಕಬ್ಬು ಹಸಿರಾಗಿದ್ದದ್ದೇ ಅದರಿಂದ.

ಎಂಟೂ ಮನೆಯವರ ಮುಂದೆ ಹಾಳೆ ಓದಿ, ನೀರು ಮುಟ್ಟಿದಾಗಿನಿಂದ ಎಂದು ಬರೆಯಲೇ ಎಂದು ಕೇಳಿದೆ. ಮೂರನೆಯ ಹೊಲದ ಮಾವ ಎದ್ದ.

"ಕಾಕಾ ಬಿಡತಿದ್ದಾ, ನಾವು ಸುಮ್ಮನಿರತಿದ್ವಿ. ಅದು ಬ್ಯಾರೆ. ಬರದ್ರ ಅದು ಹಕ್ಕ ಆಕೈತಿ, ಅಳಿಯಾ. ನಾಳೆ ನನ್ನ ಹೊಲಾ ಎತ್ತರದಾಗೈತಿ, ನನಗೂ ಕಾಲ್ ತಾಸ ಕೊಡ್ರಿ ಅಂತ ನಾ ಕೇಳಂಗಿಲ್ಲೇನು?"

ಅವನ ಮಾತು ಸುಳ್ಳೂ ಅಲ್ಲ. ಕಾಕಾನ ಕಡೆ ನೋಡಿದೆ. ಅವನು ತನ್ನ ಮೊಣಕಾಲು ತಿಕ್ಕುತ್ತ ಕೂತಿದ್ದ.

ದಾರಿಯಲ್ಲಿ ದೊಡ್ಡವ್ವ ನನ್ನ ತೋಳು ಹಿಡಿದು ನಿಲ್ಲಿಸಿದಳು. "ನನ್ನ ಸುದ್ದಿ ಬರೀಬ್ಯಾಡೋ ಮಗನ. ಮಂದಿ ಬಾಯಾಗ ಇರಲಾರದ್ದಕ್ಕ ಇಷ್ಟ ವರ್ಷ ನಡೀತು. ಹಾಳ್ಯಾಗ ಏರಿತಂದ್ರ ಯಾರರ ಗೆರಿ ಹೊಡೀತಾರ."

ಹುಬ್ಬಳ್ಳಿಗೆ ಫೋನು ಹಚ್ಚಿದೆ. "ಇದೊಂದು ಪ್ರಶ್ನೆ ಖಾಲಿ ಬಿಟ್ರ ನಡೀತೈತೇನ್ರಿ?"

"ಬಿಡ್ರಿ. ವಾಲ್ವ್ ತೆರದಾಗಿಂದನ ಎಣಸತೈತಿ. ಮಂದಿ ಮಾರಿ ನೋಡಿ ಎಣಸೂದು ಬೋರ್ಡಿಗೆ ಬರಂಗಿಲ್ರಿ."

ಬರೆದರೆ ಜಗಳ, ಬಿಟ್ಟರೆ ದೊಡ್ಡವ್ವನ ಕಬ್ಬು ಒಣಗುತ್ತದೆ. ಆ ವಾರ ಅಂಗಡಿಯಲ್ಲಿ ಎರಡು ಮೋಟರಿಗೆ ತಂತಿ ತಪ್ಪಾಗಿ ಸುತ್ತಿಬಿಟ್ಟೆ. ಕೊನೆಗೆ ಹಾಳೆಯ ತಳದಲ್ಲಿ ಒಂದು ಸಾಲು ಸೇರಿಸಿದೆ: ಒಂದು ಗುಂಡಿ ಇರಬೇಕು, ಒತ್ತಿದರೆ ಅರ್ಧ ತಾಸು ನೀರು ಹರಿಯಬೇಕು, ಎಣಿಕೆ ನಿಲ್ಲಬೇಕು, ಪೈಪು ತೊಳೆಯುವ ಸಲುವಾಗಿ.

ಮತ್ತೆ ಎಲ್ಲರೆದುರು ಓದಿದೆ. ಪೈಪು ತೊಳೆಯುವುದು ಅಂದಾಗ ಏಳೂ ಮನೆಯವರು ನೆಲ ನೋಡಿದರು. ಮಾವನೊಬ್ಬ ತಲೆ ಎತ್ತಿದ.

"ತೊಳೀರಿ, ಯಾರ್ ಬ್ಯಾಡಂದ್ರು? ಆದ್ರ ಫೋನಿನಾಗ ಒತ್ತೂದು ಬ್ಯಾಡ. ಗುಂಡಿ ಕೋಣ್ಯಾಗ ಇರಲಿ. ಬರದಾಂವನ ಬಂದು ಒತ್ತಲಿ."

ಎಲ್ಲರೂ ಸಹಿ ಹಾಕಿದರು. ನಾನೂ ಹಾಕಿದೆ.

ಬೋರ್ಡು ಛಲೋ ನಡೆದಿದೆ. ಎಂಟನೆಯ ಪಾಳಿ ಹತ್ತಿರ ಬಂದರೆ ನನ್ನ ಫೋನಿಗೆ ಸುದ್ದಿ ಬರುತ್ತದೆ. ಕರೆಂಟು ಯಾವಾಗ ಬರುತ್ತದೋ, ಪಾಳಿಯೂ ಆವಾಗಲೇ. ಮೊನ್ನೆ ಮುಧೋಳದಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ಹೋಳಿಗೆ ಬಡಿಸುವ ಹೊತ್ತಿಗೆ ಜೇಬಿನಲ್ಲಿ ಫೋನು ನಡುಗಿತು. ಎಲೆ ಬಿಟ್ಟು ಎದ್ದು ಗಾಡಿ ಹತ್ತಿದೆ. ಊರು ಮುಟ್ಟಿದಾಗ ಮನೆ ಬಾಗಿಲಲ್ಲಿ ಕೂತಿದ್ದ ಕಾಕಾ ನನ್ನನ್ನು ನೋಡಿ ಅಂದ, "ನನ್ನ ಕಾಲ ಉಳಿಸಾಕ ಹೋಗಿ ನಿನ್ನ ಕಾಲ ಕೊಟ್ಟಿ ನೋಡಲೇ."

ಗುಂಡಿ ಒತ್ತಿ ದಂಡೆ ಏರಿ ಬಂದರೆ ದೊಡ್ಡವ್ವ ಸಲಿಕೆ ಹಿಡಿದು ನಿಂತಿದ್ದಳು. ಹಿಂದೆ ಮಾವನೂ ಇದ್ದ.

"ಬಿಸಲಾಗ ಯಾಕ ಬಂದ್ಯೋ?" ಅಂದಳು, ಏನೂ ಅರಿಯದವಳಂತೆ.

"ಪೈಪ್ ತೊಳ್ಯಾಕ, ದೊಡ್ಡವ್ವಾ," ಅಂದೆ.