ಬಾಯಿ ತೆರೆದವರಿಗೆ ಹೊಸ ಹಾಡು

ದುರ್ಗಿಗುಡಿಯಲ್ಲಿದ್ದ ನಮ್ಮ ಹಲ್ಲಿನ ಡಾಕ್ಟರಮ್ಮನಿಗೆ ಹೊಸ ಹಾಡುಗಳ ಹುಚ್ಚು. ಸಿನಿಮಾ ಹಾಡಲ್ಲ, ಯಾರೋ ಹುಡುಗರು ತಮ್ಮ ಕೋಣೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಮಾಡಿ ಬಿಡುವ ಇಂಡೀ, ಎಲೆಕ್ಟ್ರಾನಿಕ್ ಹಾಡುಗಳು. ನಮ್ಮ ಬಾಯಿಗೆ ಹತ್ತಿ ತುರುಕಿದ ಮೇಲೇ ಅವರ ಶಿಫಾರಸು ಶುರು. "ಈ ಮಳೆಗಾಲದಲ್ಲೇ ಬಂದ ಹಾಡು ಕೇಳಿ, ಇನ್ನೂ ಬಿಸಿ ಇದೆ," ಅನ್ನುತ್ತಿದ್ದರು. ಬಾಯಿ ತುಂಬಿದವರು ಬೇಡ ಅನ್ನುವುದು ಹೇಗೆ?

ಒಂದು ಸಂಜೆ ನಾನು ಹೊರಗೆ ಕಾಯುತ್ತಿದ್ದೆ. ಭದ್ರಾವತಿಯಿಂದ ಬಂದಿದ್ದ ನಿವೃತ್ತ ಸಂಸ್ಕೃತ ಮೇಷ್ಟ್ರು ಒಳಗೆ ಕುರ್ಚಿಯಲ್ಲಿದ್ದರು. ಹಾಡು ಜುಂಯ್ ಎಂದು ಶುರುವಾದದ್ದೇ ತಡ, ಹಲ್ಲು ಕೊರೆಯುವ ಮಿಷನ್ನೇ ಬಂತೆಂದುಕೊಂಡ ಮೇಷ್ಟ್ರು ಹತ್ತಿ ಉಗುಳಿ, ಪಂಚೆ ಎತ್ತಿಕೊಂಡು ರಸ್ತೆಗೇ ಓಡಿದರು. ಡಾಕ್ಟರಮ್ಮ ಗ್ಲೌಸ್ ಹಾಕಿದ ಕೈಯಲ್ಲೇ ಬೆನ್ನಟ್ಟಿದರು.

"ಮೇಷ್ಟ್ರೇ, ಅದು ಮಿಷನ್ ಅಲ್ಲ, ಹಾಡು!"

ಮೇಷ್ಟ್ರು ನಿಂತರು. "ಹಾಡಾ? ಹಾಗಾದ್ರೆ ಮಿಷನ್ನೇ ಹಾಕು ಮಾರಾಯ್ತಿ, ಅದಾದ್ರೂ ಬೇಗ ಮುಗಿಯುತ್ತೆ."

ಡಾಕ್ಟರಮ್ಮ ಮುಖ ಸಣ್ಣದು ಮಾಡಿಕೊಂಡು ಅವರನ್ನು ಮತ್ತೆ ಕುರ್ಚಿಗೆ ಕರೆತಂದು ಹಾಡು ನಿಲ್ಲಿಸಿದರು. ಮಿಷನ್ ಶುರುವಾಯಿತು. ಸ್ವಲ್ಪ ಹೊತ್ತಿಗೆ ನಾನು ಬಾಗಿಲ ಸಂದಿಯಿಂದ ಇಣುಕಿದರೆ ಮೇಷ್ಟ್ರ ಕೈ ಮೇಲೆದ್ದಿತ್ತು.

ಡಾಕ್ಟರಮ್ಮ ಮಿಷನ್ ನಿಲ್ಲಿಸಿ, "ನೋವಾ?" ಅಂದರು.

ಅಲ್ಲವೆಂದು ತಲೆಯಾಡಿಸಿದ ಮೇಷ್ಟ್ರು ಸ್ಪೀಕರಿನ ಕಡೆ ತೋರಿಸಿ, ಹಾಡು ಜೋರಾಗಿ ಹಾಕು ಅನ್ನುವಂತೆ ಬೆರಳು ತಿರುಗಿಸಿದರು. ಕಣ್ಣು ಮಾತ್ರ ಬಿಗಿಯಾಗಿ ಮುಚ್ಚಿಕೊಂಡೇ ಇದ್ದರು.