ಆಯುಧಪೂಜೆಯ ಮರುದಿನ ನುಡಿದ ಕಂಪ್ಯೂಟರ್

ಹಳೆಯ ಕಂಪ್ಯೂಟರಿನ ಧೂಳು ಒರೆಸುವಾಗ ಮಾಸಿದ ಕುಂಕುಮದ ಬೊಟ್ಟು ಕಂಡಿತು. ಕ್ಷಣದಲ್ಲಿ ನಾನು ಬಾಲ್ಯದ ಪೆರಂಬೂರಿನ ಮನೆಯಲ್ಲಿದ್ದೆ.

ಆಫೀಸಿನವರು ಬೇಡವೆಂದ ಆ ಡಬ್ಬಿಗೆ ಅಪ್ಪ ಲಿನಕ್ಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂ ಹಾಕಿದ್ದರು. ಎಲ್ಲ ಓಡುತ್ತಿತ್ತು, ಸದ್ದು ಮಾತ್ರ ಇಲ್ಲ. ಸೌಂಡ್ ಕಾರ್ಡಿಗೆ ಹೊಂದುವ ಡ್ರೈವರ್ ತಂತ್ರಾಂಶವನ್ನು ಅಪ್ಪ ಬ್ರೌಸಿಂಗ್ ಸೆಂಟರಿನಲ್ಲಿ ಹುಡುಕಿ ಫ್ಲಾಪಿಯಲ್ಲಿ ತರುವಷ್ಟರಲ್ಲಿ ಅಜ್ಜಿ ಆಯುಧಪೂಜೆಗೆಂದು ಕಂಪ್ಯೂಟರಿಗೆ ಕುಂಕುಮವಿಟ್ಟಾಗಿತ್ತು.

"ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಟಬಾರ್ದು ಕಣೋ. ಅದಕ್ಕೂ ರೆಸ್ಟ್ ಬೇಡ್ವಾ?"

ಅಪ್ಪ ಫ್ಲಾಪಿಯನ್ನೂ ವೀಳ್ಯದೆಲೆಯ ಮೇಲಿಟ್ಟರು.

ವಿಜಯದಶಮಿಯ ಬೆಳಿಗ್ಗೆ ಡ್ರೈವರ್ ಹಾಕಿದರು. ಅಷ್ಟು ದಿನ ಮೂಕವಾಗಿದ್ದ ತಗಡಿನೊಳಗಿಂದ ವೀಣೆ ನುಡಿಯಿತು.

"ನೋಡ್ದ್ಯಾ, ರೆಸ್ಟ್ ಕೊಟ್ಟಿದ್ದಕ್ಕೆ ಗಂಟಲು ಬಂತು!" ಎಂದರು ಅಜ್ಜಿ.

ಎಂದೂ ದೇವರಿಗೆ ಕೈಮುಗಿಯದ ಅಪ್ಪ ಕನ್ನಡಕ ತೆಗೆದು ಕೈಮುಗಿದರು. ಯಾರಿಗೋ, ನಾನು ಕೇಳಲಿಲ್ಲ.

ಈಗ ಧೂಳನ್ನೆಲ್ಲ ಒರೆಸಿದೆ, ಆ ಬೊಟ್ಟೊಂದನ್ನು ಬಿಟ್ಟು.