ಕೆರೆಯಂಗಳದಲ್ಲಿ ಮೂರು ಚಕ್ರದ ಮೇಲೆ

ಕೊರಟಗೆರೆಯ ಅಕ್ಕನ ಮನೆಗೆ ಹೊರಟ ಅಣ್ಣ ಬಸ್ಸು ಹತ್ತುವ ಮೊದಲು ನನಗೆ ಹೇಳಿದ್ದು ಒಂದೇ ಮಾತು. "ಹೊಲದಾಗೆ ಏನಾರ ಮಾಡ್ಕೊ. ಗಾಡೀನ ಕೆರೆಯಂಗಳಕ್ಕೆ ಮಾತ್ರ ಇಳಿಸ್ಬ್ಯಾಡ. ಅಲ್ಲಿ ಇನ್ನೂ ಮುಳ್ಳು ಆರಿಸಿಲ್ಲ."

ಗಾಡಿ ಎಂದರೆ ನಮ್ಮ ಟ್ರ್ಯಾಕ್ಟರು. ಅರವತ್ತರ ದಶಕದ ನಡುಭಾಗ ಅದು; ಯಾರೋ ಉತ್ತು ಸವೆಸಿದ್ದನ್ನು ಅಣ್ಣ ತಂದಿದ್ದ. ಶಿರಾ ತಾಲ್ಲೂಕಿನ ನಮ್ಮ ಕಡೆ ಅದೇ ಮೊದಲನೆಯದು. ಎತ್ತಿನ ಎತ್ತರದ್ದು, ಸಣ್ಣ ಗಾತ್ರದ್ದು. ಕಲ್ಲಿಗೆ ಹೆದರುತ್ತಿರಲಿಲ್ಲ, ಗಟ್ಟಿ ನೆಲಕ್ಕೆ ಹೆದರುತ್ತಿರಲಿಲ್ಲ. ಜಾಲಿಮುಳ್ಳು ಕಂಡರೆ ಮಾತ್ರ ಉಸಿರು ಬಿಡುತ್ತಿತ್ತು. ಒಂದು ವರ್ಷದಲ್ಲಿ ಎಷ್ಟು ಸಲ ಟ್ಯೂಬು ಎಳೆದು, ತೊಟ್ಟಿಯ ನೀರಿನಲ್ಲಿ ಅದ್ದಿ, ಗುಳ್ಳೆ ಏಳುವ ಜಾಗಕ್ಕೆ ರಬ್ಬರು ಅಂಟಿಸಿದ್ದೆನೋ ಲೆಕ್ಕವಿಲ್ಲ. ಬೆರಳ ತುದಿಯಲ್ಲಿ ಯಾವಾಗಲೂ ಸಲ್ಯೂಷನ್ನಿನ ವಾಸನೆ. ಹಾಗಾಗಿ ಪಂಕ್ಚರ್ ಎಂದರೆ ನನಗೆ ಹೆದರಿಕೆಯೇ ಇರಲಿಲ್ಲ.

ನಮ್ಮ ಕೆರೆ ಮದಲೂರು ಕೆರೆಯಷ್ಟು ದೊಡ್ಡದಲ್ಲ. ಎರಡು ವರ್ಷದಿಂದ ನೀರಿಲ್ಲದೆ, ತಳದ ಕಪ್ಪು ಗೋಡುಮಣ್ಣು ಅಂಗೈ ಅಗಲ ಬಿರುಕು ಬಿಟ್ಟಿತ್ತು. ಅಣ್ಣ ಬರುವಷ್ಟರಲ್ಲಿ ಉತ್ತು ಅಲಸಂದೆ ಬಿತ್ತಿಬಿಡಬೇಕೆಂದು ನನಗೆ ಹಟ. ಬೆಳಿಗ್ಗೆಯೇ ಗಾಡಿ ಇಳಿಸಿದೆ. ರೊಟ್ಟಿ ಕಟ್ಟಿಕೊಂಡು ಅತ್ತಿಗೆಯೂ ಜೊತೆಗೆ ಬಂದರು.

ಮೂರನೆಯ ಸುತ್ತಿಗೆ ಮುಂದಿನ ಎಡಗಾಲಿ ಕುಸಿಯಿತು. ಓರೆಯಾಗಿ ಕಡಿದಿದ್ದ ಜಾಲಿಯ ಮೋಟು ಟೈರಿಗೆ ನುಗ್ಗಿ ಟ್ಯೂಬನ್ನು ಗೇಣುದ್ದ ಸೀಳಿತ್ತು. ನನ್ನ ಕೈಯಲ್ಲಿ ಆಗುವ ಕೆಲಸವಲ್ಲ ಅದು. ಹಾಗೆಯೇ ಓಡಿಸಿದರೆ ಟೈರೂ ಚಿಂದಿಯಾಗುತ್ತಿತ್ತು, ಆ ಅಳತೆಯ ಇನ್ನೊಂದು ಟೈರು ಬೇಕೆಂದರೆ ಅರ್ಜಿ ಬರೆದು ತಿಂಗಳುಗಟ್ಟಲೆ ಕಾಯಬೇಕಿತ್ತು. ಚಪ್ಪಡಿ ಕಲ್ಲು ತಂದು, ಅದರ ಮೇಲೆ ಜಾಕು ಇಟ್ಟು, ಗಾಲಿ ಬಿಚ್ಚಿದೆ.

ಅಷ್ಟರಲ್ಲಿ ನೀರುಗಂಟಿ ತಾತ ಬಂದ. ತೂಬು ಎತ್ತುವುದು, ಇಳಿಸುವುದು, ಏರಿ ಕಾಯುವುದು ಅವನ ಕೆಲಸ.

"ಇದೇನ್ಲಾ ಮಗ, ಇಲ್ಲಿ ಬಿಚ್ಕೊಂಡು ಕೂತಿದ್ದೀಯ? ಮಧುಗಿರಿ ಕಡೆ ನೋಡು. ರಾತ್ರಿಯೆಲ್ಲ ಮಿಂಚ್ತಿತ್ತು."

"ಇಲ್ಲಿ ಒಂದು ಹನಿ ಇಲ್ವಲ್ಲ ತಾತ."

"ಹಳ್ಳ ಬರಾಕೆ ಇಲ್ಲಿ ಹನಿ ಬೀಳ್ಬೇಕೇನ್ಲಾ? ಇರುವೆ ಮೊಟ್ಟೆ ಹೊತ್ಕೊಂಡು ಏರಿ ಹತ್ತವೆ. ನಾನು ನೋಡ್ಬುಟ್ಟೇ ಬಂದೆ."

ನಾನು ನಕ್ಕೆ. ಅತ್ತಿಗೆ ನಗಲಿಲ್ಲ. ದಿಗಂತದ ಅಂಚಿನಲ್ಲಿ ಮಸಿ ಬಳಿದಂಥ ಒಂದು ಪಟ್ಟಿ ಇತ್ತು. ಗಾಳಿ ಪೂರಾ ನಿಂತಿತ್ತು. ತಾತ ಏರಿ ಕಡೆ ನಡೆದ.

"ಸಾಮಾನೆಲ್ಲ ಇಲ್ಲೇ ಐತೆ. ಬೇಗ ಹೋಗ್ಬುಟ್ಟು ಬಾರಪ್ಪ. ನಾನು ಮುಳ್ಳು ಆರಿಸ್ಕೊಂಡಿರ್ತೀನಿ," ಎಂದರು ಅತ್ತಿಗೆ.

ಗಾಲಿಯನ್ನು ಉರುಳಿಸಿಕೊಂಡು ರಸ್ತೆಗೆ ಬಂದು, ಬಸ್ಸಿನ ಮೇಲೆ ಹಾಕಿಸಿ ಶಿರಾ ಸೇರಿದಾಗ ಮಧ್ಯಾಹ್ನವಾಗಿತ್ತು. ಟೈರು ರಿಪೇರಿಯ ಸಾಹೇಬರು ಸೀಳಿದ ಜಾಗವನ್ನು ಉಜ್ಜಿ, ರಬ್ಬರು ಕೂರಿಸಿ, ಬಿಸಿ ಅಚ್ಚಿನಲ್ಲಿ ಬಿಗಿದರು. ನಾನು ನಿಂತಲ್ಲಿ ನಿಲ್ಲಲಾರದೆ ಚಡಪಡಿಸಿದೆ.

"ಜಲ್ದಿ ಮಾಡಿದ್ರೆ ನಿಲ್ಲಲ್ಲ ಇದು. ಕೂತ್ಕೊಳ್ಳಿ," ಎಂದ ಅವರು ಹೊರಗೆ ಮುಗಿಲು ನೋಡಿದರು. "ಗಾಡಿ ಎಲ್ಲೈತೆ?"

"ಕೆರೆಯಂಗಳದಾಗೆ."

"ಯಾರವ್ರೆ ಅಲ್ಲಿ?"

"ನಮ್ಮತ್ತಿಗೆ."

ಅವರ ಕೈ ನಿಂತಿತು. "ಒಬ್ರೇನಾ? ಯಾ ಅಲ್ಲಾ," ಎಂದು ಮೆಲ್ಲಗೆ ಅಂದರು. ಕೆಲಸ ಮುಗಿಸಿ, ತಾವೇ ಗಾಲಿಯನ್ನು ಬಸ್ಸಿನವರೆಗೆ ಉರುಳಿಸಿಕೊಂಡು ಬಂದರು.

ನಮ್ಮೂರಿಗೆ ಇನ್ನೊಂದು ಮೈಲಿ ಇರುವಾಗ ಹಳ್ಳ ಅಡ್ಡ ಬರುತ್ತದೆ. ಬಸ್ಸು ಅಲ್ಲಿ ನಿಧಾನವಾಯಿತು. ಒಣ ಮರಳಿನ ಮೇಲೆ ಕೆಂಪು ನೀರು, ನೊರೆ, ಕಸಕಡ್ಡಿ ದೂಡಿಕೊಂಡು ಹರಿಯುತ್ತಿತ್ತು. ಬಸ್ಸಿನೊಳಗೆ ಹಬ್ಬದಂತೆ ಗದ್ದಲ. "ಈ ಸರ್ತಿ ಕೆರೆ ತುಂಬ್ತದೆ ಬುಡು!" ಎಂದರು ಯಾರೋ. ಒಬ್ಬ ಮುದುಕಿ ನೀರಿಗೆ ಕೈಮುಗಿದಳು. ನಾನು ಬಾಗಿಲಲ್ಲೇ ನಿಂತಿದ್ದು, ಊರು ಬಂದೊಡನೆ ಗಾಲಿ ಇಳಿಸಿಕೊಂಡು ಏರಿ ಕಡೆ ಓಡಿದೆ.

ಏರಿಯ ಮೇಲೆ ತಾತ ಹಗ್ಗ ಹಿಡಿದುಕೊಂಡು ಕೂಗುತ್ತಿದ್ದ. "ನಾನು ಕರ್ದೂ ಕರ್ದೂ ಸಾಕಾದೆ. ಬರಾಕಿಲ್ಲ ಅಂತದೆ ಆ ಯಮ್ಮ!"

ಟ್ರ್ಯಾಕ್ಟರಿನ ಸುತ್ತ ನೀರು ಹರಡಿತ್ತು. ಸೀರೆ ಮೇಲೆತ್ತಿ ಕಟ್ಟಿದ್ದ ಅತ್ತಿಗೆ ಮೊಣಕಾಲು ಮಟ್ಟದ ಕೆಸರಿನಲ್ಲಿ ನಿಂತು, ವಾಲುತ್ತಿದ್ದ ಜಾಕಿನ ಪಕ್ಕ ಕಲ್ಲು ಒಟ್ಟುತ್ತಿದ್ದರು. ಗಾಲಿಯನ್ನು ಹೆಗಲಿಗೆ ಹಾಕಿಕೊಂಡು ಇಳಿದೆ.

"ಮೇಲಕ್ಕೆ ಯಾಕೆ ಬರ್ಲಿಲ್ಲ ಅತ್ಗೆಮ್ಮ?"

"ನೀನು ಚಕ್ರ ತತ್ತೀನಿ ಅಂದಿದ್ಯಲ್ಲಪ್ಪ."

ಅವರ ಉಗುರುಗಳಿಂದ ರಕ್ತ ಬರುತ್ತಿತ್ತು. ಜಾಕು ಇನ್ನು ಏರುವಂತಿರಲಿಲ್ಲ. ಕೆಳಗಿನ ಗೋಡನ್ನು ಬರಿಗೈಯಲ್ಲಿ ತೋಡಿ ಗಾಲಿಗೆ ಜಾಗ ಮಾಡಿದೆವು. ಹೇಗೋ ಕೂರಿಸಿ ನಟ್ಟು ಬಿಗಿದೆ. ಎಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುಗಿಸಿದೆ. ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುಗಿಸಿದೆ. ನೀರು ತೊಡೆಗೆ ಬಂದಿತ್ತು. ದೂರದಲ್ಲಿ ಹಳ್ಳ ಕೆರೆಗೆ ಬೀಳುವ ಸದ್ದು ದಪ್ಪವಾಗಿತ್ತು. ದನದ ಮಂದೆ ಓಡಿಬಂದಂತೆ. ನಾನು ಇನ್ನೂ ಹ್ಯಾಂಡಲ್ ಬಿಟ್ಟಿರಲಿಲ್ಲ. ಅತ್ತಿಗೆಯೇ ನನ್ನ ರಟ್ಟೆ ಹಿಡಿದು ಎಳೆದರು.

"ಹೋಗ್ಲಿ ಬುಡು ಅದು. ಬಾ."

ತಾತ ಎಸೆದ ಹಗ್ಗ ಹಿಡಿದು ಏರಿ ಕಡೆ ನಡೆದೆವು. ನಡುದಾರಿಯಲ್ಲಿ ಅತ್ತಿಗೆಯ ಕಾಲು ಬಿರುಕಿನೊಳಗೆ ಹೂತು, ಅವರು ಪೂರ್ತಿ ಮುಳುಗಿದರು. ಒಂದು ಗಳಿಗೆ ನನ್ನ ಕಣ್ಣಿಗೆ ಬರೀ ಕೆಂಪು ನೀರು. ತಡಕಾಡಿದಾಗ ಕೈಗೆ ತುರುಬು ಸಿಕ್ಕಿತು. ಅದನ್ನೇ ಹಿಡಿದೆಳೆದೆ. ಏರಿಯ ಮೇಲೆ ಅವರು ಬಹಳ ಹೊತ್ತು ಕೆಸರು ಕಾರಿದರು. ನಾನು ಬೆನ್ನು ನೀವುತ್ತಾ ಕೂತಿದ್ದೆ.

ಮಾರನೆಯ ಬೆಳಿಗ್ಗೆ ಹೊಗೆಕೊಳವೆಯ ತುದಿ ಮಾತ್ರ ಕಾಣುತ್ತಿತ್ತು. ಅದರ ಮಾರನೆಯ ದಿನ ಅದೂ ಇಲ್ಲ. ಊರ ಹೆಂಗಸರು ಅರಿಸಿನ ಕುಂಕುಮ ಹಿಡಿದು ಗಂಗಮ್ಮನ ಪೂಜೆಗೆ ಹೋದರು. ಅತ್ತಿಗೆಯೂ ಹೋದರು, ಕೈಬೆರಳಿಗೆ ಬಟ್ಟೆ ಸುತ್ತಿಕೊಂಡು. ನಾನು ಮನೆಯಿಂದ ಹೊರಬೀಳಲಿಲ್ಲ.

ಮೂರನೆಯ ದಿನ ಅಣ್ಣ ಬಂದ. ಏರಿಯ ಮೇಲೆ ನನ್ನ ಪಕ್ಕದಲ್ಲಿ ನಿಂತು ನೀರನ್ನೇ ನೋಡಿದ. ಬೈಯಲಿ, ಹೊಡೆಯಲಿ ಎಂದು ನಾನು ಕಾಯುತ್ತಿದ್ದೆ.

"ಗಾಡಿ ಹೋದ್ರೆ ಹೋಯ್ತು ಕಣ್ಲಾ," ಎಂದ. "ತಾತ ಹೇಳಿದ್ಮೇಲೂ ಅವಳ್ನ ಒಬ್ಳನ್ನೇ ಬುಟ್ಟು ಹೋದ್ಯಲ್ಲ. ಹೆಂಗ್ಲಾ ಮನಸ್ಸು ಬಂತು?"

ಅಷ್ಟು ಹೇಳಿ ಅಣ್ಣ ಏರಿ ಇಳಿದು ಮನೆ ಕಡೆ ಹೊರಟ.

ಮುಂದಿನ ಬೇಸಿಗೆಗೆ ನೀರು ಸರಿದಾಗ ಆರು ಜೊತೆ ಎತ್ತು ಕಟ್ಟಿ ಟ್ರ್ಯಾಕ್ಟರನ್ನು ಎಳೆಸಿದೆವು. ಎಂಜಿನ್ ಬಿಚ್ಚಿ, ತೊಳೆದು, ಅಣ್ಣ ಹೇಗೋ ಓಡುವಂತೆ ಮಾಡಿದ. "ಹತ್ತು," ಎಂದ. ಅತ್ತಿಗೆಯೂ ಜಗಲಿಯಿಂದ, "ಹತ್ತಪ್ಪ, ಏನಾಗಲ್ಲ," ಎಂದರು. ನನಗೆ ಹತ್ತಲಾಗಲಿಲ್ಲ. ಒಂದು ವರ್ಷ ಅಣ್ಣನೇ ಓಡಿಸಿ, ಆಮೇಲೆ ಪಾವಗಡದ ಕಡೆಯವರೊಬ್ಬರಿಗೆ ಅದನ್ನು ಕೊಟ್ಟುಬಿಟ್ಟ.